ಚೆಂಡುಹೂವಿನ ಮಾಲೆಯೂ ನನ್ನ ತ್ರಿಭುಜವೂ

ವಿನಯ ದೊಡ್ಡ ಗುಣವೆಂದು ಮಕ್ಕಳಿಗೆ ಹೇಳಿಕೊಡುವವನು ನಾನೇ. ಆದರೆ ನಾನು ಕಂಪ್ಯೂಟರಿನಲ್ಲಿ ಮಾಡಿದ ತ್ರಿಭುಜದ ಮಾತು ಬಂದರೆ ಆ ಗುಣ ನನ್ನ ಹತ್ತಿರವೂ ಸುಳಿಯುವುದಿಲ್ಲ. ಯಲಬುರ್ಗಾ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಗಣಿತ ಹೇಳುವ ಮಾಸ್ತರ ನಾನು. ಗೋಡೆಯ ಟಚ್ ಬೋರ್ಡಿನ ಮೇಲೆ ನನ್ನ ತ್ರಿಭುಜದ ಮೂಲೆಯನ್ನು ಬೆರಳಿನಿಂದ ಎಳೆದರೆ ಸಾಕು, ಮೂರೂ ಕೋನಗಳ ಅಳತೆ ಬದಲಾಗುತ್ತಾ ಹೋಗುತ್ತದೆ; ಕೆಳಗೆ ಮೊತ್ತ ಮಾತ್ರ ನೂರಾ ಎಂಬತ್ತು ಡಿಗ್ರಿಯಲ್ಲೇ ನಿಂತಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಹೆಂಡತಿಗೆ ಎಷ್ಟು ಸಲ ತೋರಿಸಿದೆನೆಂದರೆ, “ಇನ್ನೊಮ್ಮಿ ತೋರಿಸಿದ್ರ ನಾ ತವರಮನಿಗೆ ಹೊಂಟೆ ನೋಡ್ರಿ” ಎಂದಳು.

ಈ ಚಟುವಟಿಕೆ ಜಿಲ್ಲೆಯ ಎಲ್ಲ ಶಾಲೆಗಳಿಗೂ ಹೋಗಲು ಯೋಗ್ಯವೋ ಇಲ್ಲವೋ ಎಂದು ನೋಡಲು ಕೊಪ್ಪಳದ ಶಿಕ್ಷಣ ಇಲಾಖೆಯಿಂದ ಒಬ್ಬ ಮೇಡಂ ಬರುವವರಿದ್ದರು. ಅವತ್ತು ನಮ್ಮ ಹೆಡ್‌ಮಾಸ್ತರು ಬೋರ್ಡಿಗೆ ಪೂಜೆ ಮಾಡಿಸಿದರು. ನಮ್ಮ ಕಡೆ ಟ್ರ್ಯಾಕ್ಟರ್ ಇರಲಿ, ಹಿಟ್ಟಿನ ಗಿರಣಿ ಇರಲಿ, ಮಾಲೆ ಹಾಕಿ ಕಾಯಿ ಒಡೆಯದೆ ದೊಡ್ಡ ಕೆಲಸಕ್ಕೆ ಹಚ್ಚುವುದಿಲ್ಲ. ಚೆಂಡುಹೂವಿನ ಮಾಲೆ ಪರದೆಯ ಮೇಲೇ ಇಳಿಬಿದ್ದಿತ್ತು.

“ಇದನ್ನ ತೆಗೀಲೇನ್ರಿ?” ಎಂದೆ.

“ಮಂಗಳಾರತಿ ಆದಮ್ಯಾಲೆ ಮಾಲಿ ತೆಗೀತಾರೇನ್ರಿ ಮಾಸ್ತರ? ಸುಮ್ಕ ಇರ್ರಿ” ಎಂದರು ಹೆಡ್‌ಮಾಸ್ತರು.

ಮೇಡಂ ಬಂದು ಮಕ್ಕಳ ಹಿಂದೆ, ಕೊನೆಯ ಬೆಂಚಿನಲ್ಲಿ ಕುಳಿತರು. ನಾನು ತ್ರಿಭುಜ ತೆರೆದು ಭಾಷಣ ಶುರು ಮಾಡಿದೆ. ಸೆಖೆಯೆಂದು ಯಾರೋ ಫ್ಯಾನ್ ಹಚ್ಚಿದರು. ಮಾಲೆ ತೂಗಾಡಿತು, ಬೋರ್ಡು ಹೂವನ್ನೇ ಬೆರಳೆಂದು ತಿಳಿಯಿತು. ತ್ರಿಭುಜದ ಮೇಲಿನ ಮೂಲೆ ಹೂವಿಗೆ ಅಂಟಿಕೊಂಡು ಅತ್ತಿಂದಿತ್ತ ಓಡಾಡತೊಡಗಿತು. ಇಷ್ಟು ದಿನದ ದುಡಿಮೆ ನೀರುಪಾಲಾಯಿತಲ್ಲ ಎಂದುಕೊಂಡು ಫ್ಯಾನ್ ಆರಿಸಲು ಹೊರಟೆ.

ಅಷ್ಟರಲ್ಲಿ ರೇಣುಕಾ ಎದ್ದು ನಿಂತಳು. ನನ್ನ ಪಾಠದಲ್ಲಿ ಎಂದೂ ಬಾಯಿ ಬಿಡದ ಹುಡುಗಿ. “ಸರ, ಒಂದ್ ಕೋನದಾಗ ಕಮ್ಮಿ ಆಗಿದ್ದು ಉಳಿದ ಕೋನದಾಗ ಹೋಗಿ ಕುಂದರತೈತ್ರಿ. ಮೊತ್ತ ಹಂಗ ಐತಿ. ಈಗ ಮೂಲಿ ಎಡಕ್ಕ ಬರತೈತಿ, ಎಡಗಡಿ ಕೋನ ದೊಡ್ಡದಾಗತೈತಿ ನೋಡ್ರಿ.” ಹಾಗೆಯೇ ಆಯಿತು. ಆಮೇಲೆ ಇಡೀ ತರಗತಿ ಮಾಲೆಯ ಒಂದೊಂದು ತೂಗಾಟಕ್ಕೂ ಯಾವ ಕೋನ ಹಿಗ್ಗುತ್ತದೆ, ಯಾವುದು ಕುಗ್ಗುತ್ತದೆ ಎಂದು ಮೊದಲೇ ಕೂಗತೊಡಗಿತು. ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

“ಮಾಸ್ತರು ಎಳದು ತೋರಸೂದು, ಹುಡುಗ್ರು ಸುಮ್ನ ನೋಡೂದು, ಇದನ್ನ ಎಲ್ಲಾ ಕಡಿ ನೋಡೇನ್ರಿ. ಇಲ್ಲೆ ಹುಡುಗ್ರು ತಾವೇ ವಿಚಾರ ಮಾಡಾಕತ್ಯಾರ” ಎಂದರು ಮೇಡಂ. “ತ್ರಿಭುಜ ತಾನಾಗೇ ಅಳ್ಳಾಡೂದು ಭಾಳ ಛಲೋ ಐತಿ. ಹೆಂಗ ಮಾಡಿದ್ರಿ?”

“ಭಾಳ ವಿಚಾರ ಮಾಡಿ ಮಾಡೇನ್ರಿ” ಎಂದುಬಿಟ್ಟೆ. ಹೆಡ್‌ಮಾಸ್ತರು ಕೆಮ್ಮಿದರು.

ಚಟುವಟಿಕೆ ಆಯ್ಕೆಯಾಗಿ ಎಲ್ಲ ಶಾಲೆಗಳಿಗೂ ಹೋಯಿತು. ಸ್ವಲ್ಪ ದಿನಕ್ಕೆ ಕುಷ್ಟಗಿ ಕಡೆಯ ಮಾಸ್ತರೊಬ್ಬರ ಫೋನು ಬಂತು. “ಸರ, ಮೇಡಂ ನಿಮ್ಮನ್ನ ಭಾಳ ಹೊಗಳ್ಯಾರ. ಆದ್ರ ತ್ರಿಭುಜ ನಮ್ಮಲ್ಲೆ ತಾನಾಗಿ ಅಳ್ಳಾಡವಲ್ದ್ರಿ.”

ಜಿಲ್ಲೆಗೆಲ್ಲ ಹೆಸರಾದ ಮನುಷ್ಯ ತಡವರಿಸಬಾರದು. ಗಂಟಲು ಸರಿಮಾಡಿಕೊಂಡು ಕೇಳಿದೆ: “ಬೋರ್ಡಿಗೆ ಪೂಜಿ ಮಾಡೀರೇನ್ರಿ?”