ಕರ್ಟನ್ ಮೇಜಿನ ಮೇಲೊಂದು ದೋಣಿ

ಹೆಂಡತಿ: ನೀವೇ ಆರಿಸ್ತೀರೋ, ನಾನೇ ಪ್ಲಗ್ ಕೀಳಲೋ?

ಗಂಡ: ಕಿತ್ತರೆ ಒಂಬತ್ತು ದಿನ ನೀರಲ್ಲಿ ಹೋಮ ಮಾಡಿದ ಹಾಗೆ.

ಹೆಂಡತಿ: ಒಂಬತ್ತು ದಿನದಿಂದ ನನ್ನ ಮೇಜು ನನಗಿಲ್ಲ. ಅದನ್ನ ಯಾವುದರಲ್ಲಿ ಹೋಮ ಮಾಡಿದ ಹಾಗೆ?

ಮೇಜು ಹೆಂಡತಿಯದೇ. ಅವಳು ಮನೆಯಲ್ಲಿ ಕರ್ಟನ್ ಹೊಲಿದುಕೊಡುವವಳು. ಆರಡಿ ಉದ್ದದ ಆ ಮೇಜಿನ ಮೇಲೆ ಬಟ್ಟೆ ಹಾಸದೆ ಅವಳ ಕೆಲಸ ಶುರುವಾಗುವುದಿಲ್ಲ. ಈಗ ಅಲ್ಲಿ ಮೂವತ್ತು ವರ್ಷ ಹಳೆಯ ಜಪಾನಿ ಕಂಪ್ಯೂಟರ್, ಹಳದಿಗಟ್ಟಿದ ಕೀಬೋರ್ಡ್, ಮತ್ತು ಇಬ್ಬರು ಸೇರಿ ಎತ್ತಬೇಕಾದ ಡೊಳ್ಳುಹೊಟ್ಟೆಯ ಮಾನಿಟರ್ ಕೂತಿದ್ದವು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾವುದೋ ಆಫೀಸಿನವರು ಇವನ್ನೆಲ್ಲ ಎಸೆಯಲು ಹೊರಟಾಗ ಅವನು ಅಲ್ಲಿದ್ದ. ‘ನಿಮಗೆ ಬೇಕಾ?’ ಎಂದು ಒಬ್ಬರು ಕೇಳಿದರು. ಯಾರು ಏನು ಕೇಳಿದರೂ ಅವನ ಬಾಯಲ್ಲಿ ಬರುವ ಉತ್ತರ ಒಂದೇ.

ಹೆಂಡತಿ: ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಆರು ಕರ್ಟನ್, ಸಂಜೆ ಐದಕ್ಕೆ. ಈಗ ಹನ್ನೊಂದೂ ಕಾಲು. ನಿಮ್ಮ ಕಂಪ್ಯೂಟರ್ ಆಟ ಎಲ್ಲಿದೆಯೋ ಅಲ್ಲಿಗೆ ಉಳಿಸಿಕೊಂಡು ಆರಿಸಿ.

ಗಂಡ: ಇರೋ ಎರಡು ಡ್ರೈವಲ್ಲಿ ಉಳಿಸಿಕೊಳ್ಳೋ ಫ್ಲಾಪಿ ಹಾಕೋದೇ ಕೆಟ್ಟಿದೆ. ಆರಿಸಿದ್ರೆ ಮತ್ತೆ ಮೊದಲಿಂದ. ಮೊದಲನೇ ಊರು, ಮೊದಲನೇ ಮುದುಕ.

ಹೆಂಡತಿ: ಅಂದ್ರೆ ಒಂಬತ್ತು ದಿನದಿಂದ ಇದು ಆರೇ ಇಲ್ಲ?

ಗಂಡ: ಇಲ್ಲ.

ಹೆಂಡತಿ: ಧೂಳು ಕೂರುತ್ತೆ ಅಂತ ನಾನು ಬೆಡ್‌ಶೀಟ್ ಹೊದಿಸಿದ್ದೆ.

ಗಂಡ: ತೆಗೆದೆ. ಅದಕ್ಕೆ ಸೆಕೆ ಆಗ್ತಿತ್ತು.

ನನಗೆ ಸೆಕೆಯಾದಾಗ ಈ ಮನುಷ್ಯ ಫ್ಯಾನಿನ ಸ್ವಿಚ್ ಹುಡುಕಿದ್ದುಂಟೇ ಎಂದು ಹೆಂಡತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಲೆಕ್ಕ ಬೇಗ ಮುಗಿಯಿತು.

ಹೆಂಡತಿ: ಈಗ ಆಟದಲ್ಲಿ ಎಲ್ಲಿದೀರಿ?

ಗಂಡ: ನದಿ ದಡದಲ್ಲಿ.

ಹೆಂಡತಿ: ನಿನ್ನೆ?

ಗಂಡ: ನದಿ ದಡದಲ್ಲಿ.

ಹೆಂಡತಿ: ಮೊನ್ನೆ?

ಗಂಡ: ಅಲ್ಲೇ ಅನ್ನು. ನಾಲ್ಕು ದಿನ ಆಯ್ತು. ಆಚೆ ದಡದಲ್ಲಿ ಅಕ್ಕ ಇದಾಳೆ. ಅವಳಿಗೆ ಔಷಧಿ ಮುಟ್ಟಿಸಬೇಕು.

ಹೆಂಡತಿ: ಯಾರ ಅಕ್ಕ?

ಗಂಡ: ನನ್ನ ಅಕ್ಕ. ಅಂದ್ರೆ ಈ ಹುಡುಗನ ಅಕ್ಕ. ಈ ಹುಡುಗ ನಾನು.

ಹೆಂಡತಿ: ಏನು ಕಾಯಿಲೆ?

ಗಂಡ: ದಾಟಿದ್ರೆ ತಾನೇ ಗೊತ್ತಾಗೋದು? ಇವನು ದಾಟಿಸ್ತಿಲ್ಲ.

ಸ್ಕ್ರೀನಿನಲ್ಲಿ ಹೆಬ್ಬೆರಳಿನಷ್ಟೇ ದೊಡ್ಡ ಮುದುಕನೊಬ್ಬ ದೋಣಿಯ ಪಕ್ಕ ನಿಂತಿದ್ದ. ಗಂಡ ಒಂದು ಕೀಲಿ ಒತ್ತಿದ. ‘ದೋಣಿ ಹತ್ತುತ್ತೀಯಾ?’ ಎಂಬ ಸಾಲು ಮೂಡಿತು. ಅದರ ಕೆಳಗೆ ‘ಹೌದು’, ‘ಇಲ್ಲ’. ಗಂಡ ‘ಹೌದು’ ಒತ್ತಿದ. ‘ಹಾಗಾದರೆ ಇಲ್ಲೇ ಇರು’ ಎಂದ ಮುದುಕ.

ಹೆಂಡತಿ: ಹತ್ತುತ್ತೀಯಾ ಅಂತಾನೂ ಅವನೇ ಕೇಳ್ತಾನೆ, ಇಲ್ಲೇ ಇರು ಅಂತಾನೂ ಅವನೇ ಹೇಳ್ತಾನೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇದೇನು ಮಾತು?

ಗಂಡ: ಜಪಾನಿನ ಆಟ ಕಣೇ. ಅವರದು ಎಲ್ಲಾ ಆಳ. ಇದು ತಾಳ್ಮೆ ಪರೀಕ್ಷೆ.

ಹೆಂಡತಿ: ಯಾರ ತಾಳ್ಮೆದು?

ಗಂಡ: ಇಲ್ಲಿಗೆ ನೂರಾ ಹನ್ನೆರಡು ಸಲ ಹೌದು ಅಂದಿದೀನಿ. ಒಂದಲ್ಲ ಒಂದು ದಿನ ಕರಗ್ತಾನೆ.

ಹೆಂಡತಿ: ಜಪಾನಿನ ಆಟ ಅಂತೀರಿ, ಮುದುಕ ನಮ್ಮ ಭಾಷೆ ಮಾತಾಡ್ತಾನೆ.

ಗಂಡ: ಅದು ಒಬ್ಬ ಅಭಿಮಾನಿ ಉಪಕಾರ. ಎರಡು ವರ್ಷ ಕೂತು, ಆಟದಲ್ಲಿರೋ ಮಾತೆಲ್ಲ ನಮ್ಮ ಭಾಷೆಗೆ ತಂದು ಫ್ಲಾಪಿಗೆ ಹಾಕಿ, ಆಟದ ಹುಚ್ಚಿರೋರಿಗೆಲ್ಲ ಬಿಟ್ಟಿ ಹಂಚಿದಾನೆ.

ಹೆಂಡತಿ: ಬಿಟ್ಟಿ ಕೆಲಸ. ಎಲ್ಲೋ ಹೊಲಿಗೆ ಬಿಟ್ಟಿರ್ತಾನೆ.

ಗಂಡ: ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ.

ಹೆಂಡತಿ: ನಾನು ಹೊಲಿಯೋಳು. ಯಾರು ಕೊಟ್ರೂ ಮೊಳ ಹಾಕ್ತೀನಿ.

ಅವಳು ಗೋಡೆ ಗಡಿಯಾರ ನೋಡಿದಳು. ಬಗ್ಗಿ ಪ್ಲಗ್ಗಿನ ಮೇಲೆ ಕೈ ಇಟ್ಟಳು.

ಹೆಂಡತಿ: ದೊಡ್ಡ ಮುಳ್ಳು ಆರರ ಮೇಲೆ ಬಂದ ಕೂಡಲೇ ಕೀಳ್ತೀನಿ. ಹತ್ತು ನಿಮಿಷ ಇದೆ.

ಗಂಡ: ನೋಡು, ನಾನು ಒಂದು ಮಾತು ಹೇಳ್ತೀನಿ. ದಿನಾ ಬೆಳಗಾದ್ರೆ ಜನರನ್ನ ಮೇಲಕ್ಕೆ ಮುಟ್ಟಿಸೋ ಕೆಲಸ ನಂದು. ಲಿಫ್ಟ್ ಸರಿಮಾಡ್ತೀನಿ, ಅವರು ಹೋಗ್ತಾರೆ. ನಾನು ಕೆಳಗೇ. ನಾನೂ ಒಂದು ಸಲ ಎಲ್ಲಿಗಾದ್ರೂ ಹೋಗಿ ಮುಟ್ಟಬೇಕು ಅಂತ ಆಸೆ.

ಹೆಂಡತಿಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ ಮಾತ್ರಕ್ಕೆ ಕರ್ಟನ್ ಹೊಲಿದಂತಾಗುವುದಿಲ್ಲ. ಅವಳು ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಪಡಸಾಲೆಯಲ್ಲಿ ಫೋನ್ ಬಡಿದುಕೊಂಡಿತು.

ಹೆಂಡತಿ: ಕ್ಲಿನಿಕ್ಕಿಂದ ಇರಬೇಕು. ನೀವೇ ಮಾತಾಡಿ. ನಾನು ಇಲ್ಲಿಂದ ಏಳಲ್ಲ.

ಗಂಡ: ಏನೂ ಮುಟ್ಟಬೇಡ.

ಹೆಂಡತಿ: ನೀವು ಏನೂ ಒಪ್ಪಿಕೊಳ್ಳಬೇಡಿ.

ಗಂಡ ಹೋದ. ಪಡಸಾಲೆಯಿಂದ ಅವನ ದನಿ ಕೇಳುತ್ತಲೇ ಇತ್ತು: ‘ಹೌದು... ಹೌದು ಹೌದು... ಅಯ್ಯೋ, ಅದಕ್ಕೇನಂತೆ!’ ಒಂದೊಂದು ‘ಹೌದು’ ಬಂದಾಗಲೂ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಎದುರಿಗೆ ದೋಣಿಯವನಿದ್ದ. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಾಗಿತ್ತು. ಅವಳು ಪ್ಲಗ್ ಬಿಟ್ಟು ಗಂಡ ಒತ್ತಿದ ಕೀಲಿಯನ್ನೇ ಒತ್ತಿದಳು. ‘ದೋಣಿ ಹತ್ತುತ್ತೀಯಾ?’

ಹೆಂಡತಿ: ಇಲ್ಲ.

ಬಾಯಲ್ಲೂ ಹೇಳಿದಳು, ಕೀಲಿಯನ್ನೂ ಒತ್ತಿದಳು. ಗಂಡ ಫೋನ್ ಇಟ್ಟು ಬಂದ.

ಗಂಡ: ಇನ್ನೆರಡು ಕರ್ಟನ್ ಬೇಕಂತೆ. ಒಟ್ಟು ಎಂಟು. ಇವತ್ತೇ.

ಹೆಂಡತಿ: ನೀವೇನಂದಿರಿ?

ಗಂಡ: ತುಂಬಾ ವಿನಯವಾಗಿ ಕೇಳಿದ್ರು.

ಹೆಂಡತಿ: ಕೋಲೆ ಬಸವ ಕೂಡ ಬಟ್ಟೆ ಕೊಟ್ಟ ಮೇಲೆ ತಲೆ ಆಡಿಸುತ್ತೆ. ನೀವು ಮೊದಲೇ ಆಡಿಸ್ತೀರಿ.

ಗಂಡ ಸ್ಕ್ರೀನ್ ನೋಡುತ್ತಿದ್ದ. ಅಲ್ಲಿ ದೋಣಿ ನದಿಯ ನಡುವೆ ಇತ್ತು.

ಗಂಡ: ಏನು ಮಾಡಿದೆ?

ಹೆಂಡತಿ: ಬರಲ್ಲ ಅಂದೆ.

ಗಂಡ: ಬರಲ್ಲ ಅಂದಿದ್ದಕ್ಕೆ ಕರ್ಕೊಂಡು ಹೋದ್ನಾ?

ಹೆಂಡತಿ: ನಾಲ್ಕು ದಿನದಲ್ಲಿ ಒಂದು ಸಲಾನೂ ನೀವು ಇಲ್ಲ ಅನ್ನಲಿಲ್ವಾ?

ಗಂಡ: ವಯಸ್ಸಾದವನು. ಪ್ರೀತಿಯಿಂದ ಕೇಳ್ತಾನೆ. ಹೇಗೆ ಇಲ್ಲ ಅನ್ನೋದು?

ಗಂಡನಿಗೆ ಏನೋ ಹೊಳೆಯಿತು.

ಗಂಡ: ಫ್ಲಾಪಿ ಜೊತೆ ಒಂದು ಹಾಳೆ ಬಂದಿತ್ತು. ಅಭಿಮಾನಿ ಬರೆದ ಸೂಚನೆ. ಓದೋಣ ಅಂತ ಇಲ್ಲೇ ಇಟ್ಟಿದ್ದೆ.

ಹೆಂಡತಿ: ದಪ್ಪ ಹಾಳೆನಾ?

ಗಂಡ: ದಪ್ಪ ಹಾಳೆ.

ಹೆಂಡತಿ ಬಟ್ಟೆಯ ರಾಶಿಯೊಳಗಿಂದ ಕರ್ಟನ್ ಕಟ್ಟುವ ಪಟ್ಟಿಯ ಅಳತೆಗೆಂದು ತಾನು ಕತ್ತರಿಸಿಕೊಂಡಿದ್ದ ಕಾಗದದ ತುಂಡನ್ನು ತೆಗೆದಳು. ಅದು ಬಾಳೆಕಾಯಿಯ ಆಕಾರದಲ್ಲಿತ್ತು. ಮಗುಚಿ ಓದಿದಳು.

ಹೆಂಡತಿ: ‘ಮೂರನೇ ಭಾಗದಿಂದ ಮುಂದೆ ಹೌದು, ಇಲ್ಲ ಎರಡೂ ಅದಲುಬದಲಾಗಿವೆ. ಹೌದು ಎನ್ನಬೇಕಾದಲ್ಲಿ ಇಲ್ಲ ಒತ್ತಿ. ಮದುವೆ ನಿಶ್ಚಯವಾಗಿರುವುದರಿಂದ ತಿದ್ದಲು ಸಮಯವಿಲ್ಲ. ಕ್ಷಮಿಸಿ.’

ಗಂಡ: ಅಂದ್ರೆ ಆಳ ಅಲ್ಲ.

ಹೆಂಡತಿ: ಹೊಲಿಗೆ ಬಿಟ್ಟಿದಾನೆ.

ಅಷ್ಟರಲ್ಲಿ ದೋಣಿ ದಡ ಮುಟ್ಟಿತು. ಅಲ್ಲೊಂದು ಸಣ್ಣ ಮನೆ, ಬಾಗಿಲಲ್ಲಿ ಒಬ್ಬ ಹೆಂಗಸು. ‘ತಮ್ಮಾ, ಒಳಗೆ ಬರುತ್ತೀಯಾ?’ ಗಂಡನ ಬೆರಳು ತಾನಾಗಿಯೇ ‘ಹೌದು’ ಕಡೆ ಹೊರಟಿತು. ಹೆಂಡತಿ ಅವನ ಕೈ ಹಿಡಿದುಕೊಂಡಳು.

ಹೆಂಡತಿ: ಏಳಿ.

ಗಂಡ: ಯಾಕೆ?

ಹೆಂಡತಿ: ನಿಮ್ಮ ಕೈಯಲ್ಲಿ ಆ ಅಕ್ಕ ಬದುಕಲ್ಲ. ಇದು ಇಲ್ಲ ಅನ್ನೋಕೆ ಬರೋರ ಆಟ. ನನಗೆ ಇಪ್ಪತ್ತು ವರ್ಷದ ಅಭ್ಯಾಸ ಇದೆ.

ಗಂಡ: ಕರ್ಟನ್?

ಹೆಂಡತಿ: ಎಂಟಕ್ಕೆ ಹೂಂ ಅಂದೋರು ಯಾರು? ನೆಲ ಒರೆಸಿದೆ, ಅಲ್ಲೇ ಹಾಸ್ಕೊಳ್ಳಿ. ಕತ್ತರಿ, ಸೀಮೆಸುಣ್ಣ ಅಲ್ಲಿವೆ. ಅಂಚಿಗೆ ನಾಲ್ಕು ಬೆರಳು ಬಿಟ್ಟು ಗುರುತು ಹಾಕಿ.

ಗಂಟೆ ಹನ್ನೆರಡೂವರೆಯಾಯಿತು. ಗಂಡ ಮಂಡಿಯೂರಿ ಮೂರು ಕರ್ಟನ್ ಕತ್ತರಿಸಿ ಮುಗಿಸಿದ್ದ. ಲಿಫ್ಟಿನ ಬಾಗಿಲು ಕೂರಿಸುವವನ ಅಳತೆ, ಒಂದು ನೂಲೂ ಆಚೀಚೆಯಿಲ್ಲ. ಮೇಜಿನ ಮುಂದೆ ಹೆಂಡತಿ ಔಷಧಿ ಕುಡಿಸಿ, ಅಕ್ಕನನ್ನು ಎಬ್ಬಿಸಿ ಕೂರಿಸಿ, ಕಾಡು ದಾಟಿ ಬೆಟ್ಟದ ಅರ್ಧಕ್ಕೆ ಬಂದಿದ್ದಳು. ಮೊದಲಿಗೆ ಮೂರೂವರೆಗೆ ಹೊಲಿಯಲು ಕೂರುತ್ತೇನೆ ಎಂದಿದ್ದಳು. ಈಗ ನಾಲ್ಕು ಎನ್ನುತ್ತಿದ್ದಳು.

ಗಂಡ: ಇವಳೇ.

ಹೆಂಡತಿ: ಹೂಂ.

ಗಂಡ: ಎಂಟೂ ಕತ್ತರಿಸಿ ಆದ ಮೇಲೆ ನನಗೊಂದು ಸಲ ಆಡೋಕೆ ಕೊಡ್ತೀಯಾ?

ಹೆಂಡತಿ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

ಹೆಂಡತಿ: ಹೌದು.

ಇದು ಮೂರನೇ ಭಾಗಕ್ಕೆ ಮೊದಲಿನ ‘ಹೌದೋ’, ನಂತರದ್ದೋ ಎಂದು ಗಂಡ ಅವಳ ಬೆನ್ನನ್ನೇ ನೋಡಿದ. ಆಮೇಲೆ ನಾಲ್ಕನೆಯ ಕರ್ಟನ್ ಬಿಡಿಸಿಕೊಂಡು, ಅಂಚಿಗೆ ನಾಲ್ಕು ಬೆರಳು ಬಿಟ್ಟು ಗುರುತು ಹಾಕತೊಡಗಿದ.