ಒಪ್ಪಿಗೆಯ ಗುರುತು

ಗಣಿತದ ಪ್ರೊಫೆಸರರಿಗೆ ಬೆಳಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂದು ವಿಭಾಗದ ಮುಖ್ಯಸ್ಥರ ಚುನಾವಣೆ. ನಿವೃತ್ತಿಗೆ ಇನ್ನೊಂದೇ ವರ್ಷ. ಈ ಸಲ ತಪ್ಪಿದರೆ ಮುಖ್ಯಸ್ಥರ ಕುರ್ಚಿಯ ಆಸೆಯನ್ನು ಮನೆಗೇ ಹೊತ್ತೊಯ್ಯಬೇಕು.

ಒಬ್ಬರಿಗೊಂದೇ ಮತವೆಂದು ಕೈ ಎತ್ತಿಸಿದ್ದರೆ ಗೆಲುವು ಅವರದ್ದೇ. ಆದರೆ ಕೈ ಎತ್ತಿಸುವುದು ಅನ್ಯಾಯ ಎಂದು ವೃತ್ತಿಯುದ್ದಕ್ಕೂ ಗಂಟಲು ಹರಿದುಕೊಂಡವರು ಅವರು. ಒಪ್ಪಿಗೆಯಾದ ಎಲ್ಲರ ಹೆಸರಿಗೂ ಗುರುತು ಹಾಕಬೇಕು, ಹೆಚ್ಚು ಗುರುತು ಬಿದ್ದವರು ಗೆಲ್ಲಬೇಕು, ಸಮ ಬಂದರೆ ಹಿರಿಯರಿಗೆ ಪಟ್ಟ. ಇದು ಅವರ ಪದ್ಧತಿ. ಇನ್ನೊಂದು ಭಾಷಣ ತಪ್ಪಿದರೆ ಸಾಕೆಂದು ಸಹೋದ್ಯೋಗಿಗಳು ಒಪ್ಪಿಬಿಟ್ಟಿದ್ದರು.

"ನಿಮ್ಮ ಹೆಸರಿಗೆ ಮಾತ್ರ ಗುರುತು ಹಾಕಿ ಬನ್ನಿ," ಎಂದಿದ್ದರು ಹೆಂಡತಿ, ಚಪ್ಪಲಿ ಅದಲುಬದಲು ಹಾಕಿಕೊಳ್ಳುತ್ತಿದ್ದ ಗಂಡನಿಗೆ.

"ಅದು ಪದ್ಧತಿಗೆ ದ್ರೋಹ ಕಣೇ."

"ಕುರ್ಚಿ ಬೇಕಾಗಿರೋದು ಪದ್ಧತಿಗಾ, ನಿಮಗಾ?"

ಕಣದಲ್ಲಿ ಮೂವರು. ಪ್ರೊಫೆಸರರು, ಅವರನ್ನು ಕಂಡರಾಗದ ಸಂಖ್ಯಾಶಾಸ್ತ್ರದ ಮೇಡಂ, ಮತ್ತು ತೂಕಡಿಕೆ ಮೇಷ್ಟ್ರು. ಮೂರನೆಯವರು ಎಲ್ಲ ಸಭೆಗಳಲ್ಲೂ ನಿದ್ದೆ ಹೊಡೆಯುತ್ತಿದ್ದರು, ಹಾಗಾಗಿ ಯಾರೊಂದಿಗೂ ಜಗಳವಿರಲಿಲ್ಲ. ಅವರ ಹೆಸರು ಸೇರಿಸಿದವರೂ ಪ್ರೊಫೆಸರರೇ. ಪದ್ಧತಿಯ ಸೊಗಸು ಕಾಣಲು ಮೂರನೆಯ ಹೆಸರೊಂದು ಬೇಕಿತ್ತು.

ಚೀಟಿ ಕೈಗೆ ಬಂದಾಗ ಪ್ರೊಫೆಸರರು ತಮ್ಮ ಹೆಸರಿಗೆ ಗುರುತು ಹಾಕಿದರು. ಆಮೇಲೆ ಪೆನ್ನು ತೂಕಡಿಕೆಯವರ ಹೆಸರಿನ ಮೇಲೆ ನಿಂತಿತು. ಪಾಪ, ಒಳ್ಳೆಯ ಮನುಷ್ಯ. ಒಪ್ಪಿಗೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಬೆವರುತ್ತಲೇ ಅಲ್ಲೂ ಒಂದು ಗುರುತು ಹಾಕಿದರು.

ಗುಮಾಸ್ತರು ಎಣಿಸಿ, ಮತ್ತೊಮ್ಮೆ ಎಣಿಸಿ, ಕನ್ನಡಕ ತೆಗೆದರು. "ಮೇಡಂಗೆ ಎರಡು. ಪ್ರೊಫೆಸರ್ ಸಾರ್‌ಗೆ ಆರು. ತೂಕಡಿಕೆ ಸಾರ್‌ಗೆ ಏಳು."

ಇದ್ದವರೇ ಏಳು ಜನ. ಪ್ರೊಫೆಸರರ ಮನಸ್ಸು ಬೇಡವೆಂದರೂ ಲೆಕ್ಕ ಹಾಕಿತು. ತಾವು ಹಾಕಿದ ಆ ಒಂದು ಗುರುತು ಇಲ್ಲದಿದ್ದರೆ ಆರಕ್ಕೆ ಆರು, ಹಿರಿಯರು ತಾವೇ.

ಮೂರೂ ಹೆಸರಿಗೆ ಗುರುತು ಹಾಕಿ ನಿದ್ದೆಗೆ ಜಾರಿದ್ದ ತೂಕಡಿಕೆಯವರನ್ನು ಗುಮಾಸ್ತರು ಅಲುಗಾಡಿಸಿ ಎಬ್ಬಿಸಿ ಸುದ್ದಿ ಹೇಳಿದರು. ಅವರು ಗಾಬರಿಯಾದರು.

"ನನ್ನ ಕೈಲಿ ಆಗೋದಲ್ಲಪ್ಪ. ಕುರ್ಚಿಲಿ ಬೇಕಾದ್ರೆ ಕೂತಿರ್ತೀನಿ. ವೇಳಾಪಟ್ಟಿ, ಪರೀಕ್ಷೆ, ಮೀಟಿಂಗು, ಇದನ್ನೆಲ್ಲ ಬೇರೆ ಯಾರಾದ್ರೂ ನೋಡ್ಕೊಳ್ಳಿ."

"ಹಾಗಾದ್ರೆ ಅದಕ್ಕೂ ಮತ ಹಾಕೋಣ," ಎಂದರು ಮೇಡಂ. "ಸಾರ್ ಪದ್ಧತಿಲೇ."

ಮತ್ತೆ ಚೀಟಿ ಬಂತು. ಕೆಲಸ ಮಾಡಲು ಯೋಗ್ಯರು ಯಾರು? ಪ್ರೊಫೆಸರರ ಪೆನ್ನು ಬಹಳ ಹೊತ್ತು ಗಾಳಿಯಲ್ಲಿ ತೂಗಾಡಿತು. ಆದರೆ ಸುಳ್ಳು ಬರೆಯುವುದು ಹೇಗೆ?

ಈ ಸಲ ಅವರಿಗೆ ಏಳಕ್ಕೆ ಏಳೂ ಬಿದ್ದವು. ಮೇಡಂ ಕೂಡ ಗುರುತು ಹಾಕಿದ್ದರು.