ಸಣ್ಣ ಹರಿವಿನ ಸೋದರಮಾವ

ತಿರುಗಿಸಲು ಬರುವ ಯಾವ ವಸ್ತುವೂ ನನ್ನ ಸೋದರಮಾವನ ಕಣ್ಣೆದುರು ಜೋರಾಗಿರುವಂತಿಲ್ಲ! ಮನೆಗೆ ಬಂದು ಚಪ್ಪಲಿ ಬಿಟ್ಟರೋ ಇಲ್ಲವೋ, ಫ್ಯಾನು, ನಲ್ಲಿ, ಟೀವಿ, ಗ್ಯಾಸ್ ಒಲೆ ಎಲ್ಲವನ್ನೂ ಸಣ್ಣ ಮಾಡುತ್ತಾರೆ. ಅವರು ಬಂದ ದಿನ ನಮ್ಮನೆಯ ಅನ್ನ ಹೊತ್ತಿಗೆ ಸರಿಯಾಗಿ ಬೆಂದದ್ದುಂಟೇ?

ಜಿಪುಣರೆಂದುಕೊಳ್ಳಬೇಡಿ. ಅವರು ಗಂಗಾವತಿಯಲ್ಲಿ ಅರಿವಳಿಕೆ ವೈದ್ಯರು. ಜನರ ಬಾಯಲ್ಲಿ 'ನಿದ್ದಿ ಡಾಕ್ಟ್ರು'. ಆಪರೇಷನ್ನಿನಲ್ಲಿ ರೋಗಿಯ ಉಸಿರಿಗೆ ಕೊಡುವ ಗ್ಯಾಸು ಎಷ್ಟು ಜೋರಾಗಿ ಹರಿಯಬೇಕು ಎಂಬುದೇ ಅವರ ಜೀವಮಾನದ ಚಿಂತೆ.

"ಮಾಮಾ, ಜೋರು ಬಿಟ್ರ ಏನಾಗತೈತ್ರಿ?" ಎಂದು ಒಮ್ಮೆ ಕೇಳಿದೆ.

"ಗದ್ದಿಗೆ ನೀರು ಜೋರು ಬಿಟ್ರ ಏನಾಗತೈತಿ?"

"ಗೊಬ್ಬರ ಕೊಚ್ಚಿಕೊಂಡು ಹೋಗತೈತಿ."

"ಹಂಗ! ಜೋರು ಗ್ಯಾಸು ಎದಿಯಾಗಿನ ಹಸಿ, ಬಿಸಿ ಎರಡೂ ಒಯ್ತೈತಿ. ಅದರ ಮ್ಯಾಲೆ ಆಪರೇಷನ್ ಅಂದ್ರ ಮೈಗೆ ಪೆಟ್ಟು. ಕಬ್ಬಿಣಕ್ಕ ತುಕ್ಕು ಹಿಡಿದಂಗ ಜೀವಕೋಶಕ್ಕೂ ಹಿಡಿತೈತಿ. ಗ್ಯಾಸು ಸಣ್ಣಗ ಹರಿದ್ರ ಆ ತುಕ್ಕು ಕಡಿಮಿ ಆಗತೈತೇನು ಅಂತ ರಕ್ತ ತಗದು ನೋಡಾಕತ್ತೀನಿ."

"ಆಗತೈತೇನ್ರಿ?"

"ಇನ್ನಾ ಗೊತ್ತಿಲ್ಲ!" ಎಂದರು, ಲಾಟರಿ ಹೊಡೆದವರಂತೆ ಹಿಗ್ಗಿ. ಗೊತ್ತಿಲ್ಲವೆಂದು ಇಷ್ಟು ಸಂತೋಷಪಡುವ ಮನುಷ್ಯನನ್ನು ನಾನಂತೂ ಬೇರೆ ಕಂಡಿಲ್ಲ.

ಕನಕಗಿರಿಯ ಮದುವೆಯೊಂದರಲ್ಲಿ ಅಡುಗೆ ಒಲೆಯ ಉರಿಯನ್ನೂ ತಗ್ಗಿಸಿಬಿಟ್ಟರು. ಬೀಗರು ಎಲೆ ಮುಂದೆ ಕೂತೇ ಕೂತರು. ಅಡುಗೆಯವ ಸೌಟು ಹಿಡಿದೇ ಓಡಿಬಂದ. "ಡಾಕ್ಟ್ರ, ಇವರಿಗೆ ನಿದ್ದಿ ಅಲ್ರಿ, ಊಟ ಬೇಕಾಗೈತಿ!"

ಆಮೇಲೆ ನಮ್ಮವ್ವನ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಅವಳ ಹೃದಯವೂ ಅಷ್ಟು ಗಟ್ಟಿಯಿರಲಿಲ್ಲ. ಆಪರೇಷನ್ನಿಗೆ ತಾವೇ ನಿದ್ದೆ ಕೊಡಲು ಮಾವ ಹಿಂಜರಿದರು. "ಅಕ್ಕಾ, ಬ್ಯಾರೆ ಡಾಕ್ಟರನ್ನ ಕರಿಸ್ತೀನಿ. ಸ್ವಂತದವರಿಗಂದ್ರ ನನ್ನ ಕೈ ನಡಗತಾವ."

"ನಮ್ಮನ್ನ ಹಡೆದವ್ವ ಸತ್ತ ಮ್ಯಾಲೆ ನಿನ್ನ ತೊಡಿಮ್ಯಾಲೆ ಹಾಕ್ಕೊಂಡು ಮಲಗಿಸಿದಾಕಿ ನಾನು. ಈಗ ನಿನ್ನ ಪಾಳಿ. ಆಗಂಗಿಲ್ಲಂದ್ರ ಕಲ್ಲು ನನ್ನ ಹೊಟ್ಯಾಗ ಇರ್ಲಿ ಬಿಡು!" ಎಂದಳು ಅವ್ವ. ಅವಳ ಹಟದ ಮುಂದೆ ಯಾವ ಡಾಕ್ಟರ ಆಟ ನಡೆದೀತು?

ಆಪರೇಷನ್ ದಿನ ಥಿಯೇಟರಿನ ಬಾಗಿಲ ಗಾಜಿನಲ್ಲಿ ಇಣುಕಿದೆ. ಮಾವ ಅವ್ವನ ತಲೆಯ ಬಳಿ ಕೂತಿದ್ದರು. ಇಡೀ ಮನೆ ನೋಡಿ ನಗುವ ಅದೇ ಕೈ ಗ್ಯಾಸಿನ ಹರಿವನ್ನು ಕೂದಲೆಳೆಯಷ್ಟು ತಿರುಗಿಸಿ ನಿಂತಿತು. ನಡುಗಲಿಲ್ಲ. ಅವ್ವನ ಎದೆ ಏರಿದರೆ ಅವರದೂ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಅಬ್ಬಾ, ನಮ್ಮವ್ವನ ಜೀವ ಆ ಬೆರಳುಗಳಲ್ಲಿತ್ತು! ನನಗೆ ಕೈಮುಗಿಯಬೇಕೆನಿಸಿತು.

ಅವ್ವ ಕಣ್ಣು ಬಿಟ್ಟವಳೇ ತಮ್ಮನನ್ನು ಕೇಳಿದಳು, "ಉಂಡೇನೋ ತಮ್ಮಾ?"

"ಉಂಡೆ ಅಕ್ಕಾ," ಎಂದು ಬೆಳಗಿನಿಂದ ನೀರೂ ಮುಟ್ಟದ ಮಾವ ಸುಳ್ಳು ಹೇಳಿ, ಮುಖ ತೊಳೆಯಲು ಹೋದರು.

ಕಿವಿಗೊಟ್ಟರೆ, ನಲ್ಲಿ ಭೋರೆಂದು ಸುರಿಯುತ್ತಿದೆ! "ಮಾಮಾ, ಸಣ್ಣ ಮಾಡ್ರಿ!" ಎಂದು ಕಾಡಿಸಲು ಹೋದವಳು ಬಾಗಿಲಲ್ಲೇ ನಿಂತೆ. ಆ ನೀರಿನ ಸದ್ದಿನೊಳಗೆ ಮಾವ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ನಲ್ಲಿ ಹರಿಯಲಿ ಎಂದು ಬಾಗಿಲು ಮುಂದೆ ಮಾಡಿ ಬಂದೆ.